ಮೊದಲು ಬಿಚ್ಚಲು ಕಲಿಯಿರಿ: ಶಿಬಾರಿಯ ಮೊದಲ ಕಟ್ಟು

ಹಗ್ಗ ಕೊಳ್ಳುವ ಮೊದಲು ಒಂದು ಕತ್ತರಿ ಕೊಳ್ಳಿ. ಬ್ಯಾಂಡೇಜ್ ಕತ್ತರಿಸಲು ಮೆಡಿಕಲ್ ಶಾಪಿನಲ್ಲಿ ಸಿಗುತ್ತದಲ್ಲ, ತುದಿ ಮೊಂಡಾಗಿ, ಸ್ವಲ್ಪ ಬಾಗಿರುವಂಥದ್ದು, ಅದು. ಹಗ್ಗಕ್ಕೂ ಚರ್ಮಕ್ಕೂ ನಡುವೆ ತೂರಿಸಿದರೆ ಚುಚ್ಚುವುದಿಲ್ಲ. ಮನೆಗೆ ತಂದು ಒಂದು ತುಂಡು ಹಗ್ಗದ ಮೇಲೆ ಪರೀಕ್ಷೆ ಮಾಡಿ. ಎರಡೆಳೆ ಒಟ್ಟಿಗೆ ಹಿಡಿದರೂ ಸಲೀಸಾಗಿ ತುಂಡಾಗಬೇಕು. ಆಗಲಿಲ್ಲ ಅಂದರೆ ಬೇರೆ ಕತ್ತರಿ ನೋಡಿ.

ಜಪಾನಿನ ಹಗ್ಗದ ಕಟ್ಟು ಕಲಿಯಬೇಕು ಎಂದು ಇಬ್ಬರೂ ಮನಸ್ಸು ಮಾಡಿರುವ ವಯಸ್ಕ ಜೋಡಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೂರಿನಿಂದ ಹಗ್ಗದಲ್ಲಿ ತೂಗಾಡುವವರ ಫೋಟೋ ನೋಡಿ, ಮೊದಲ ದಿನವೇ ಅದನ್ನೇ ಮಾಡಲು ಹೊರಡುವವರು ಜಾಸ್ತಿ. ಆ ಫೋಟೋದ ಹಿಂದೆ ವರ್ಷಗಟ್ಟಲೆಯ ಕಲಿಕೆ ಇರುತ್ತದೆ. ನಾವು ನೆಲದ ಮೇಲೆ, ಚಾಪೆಯ ಮೇಲೆ ಕೂತು ಒಂದೇ ಒಂದು ಕೈ ಕಟ್ಟೋಣ.

‘ಶಿಬಾರಿ’ ಎಂದರೆ ಜಪಾನಿ ಭಾಷೆಯಲ್ಲಿ ಕಟ್ಟುವುದು, ಅಷ್ಟೇ. ದೇಹವನ್ನು ಬಿಗಿಯಾಗಿ ಕಟ್ಟುವ ಈ ಕಲೆಗೆ ‘ಕಿನ್‌ಬಾಕು’ ಎಂಬ ಇನ್ನೊಂದು ಹೆಸರೂ ಉಂಟು. ಹಗ್ಗಕ್ಕೆ ಆ ದೇಶದಲ್ಲಿ ಬಹಳ ಮರ್ಯಾದೆ. ಶಿಂಟೋ ಗುಡಿಗಳ ಮುಂದೆ ‘ಶಿಮೆನಾವ’ ಎಂಬ ಹುಲ್ಲಿನ ಹಗ್ಗ ತೂಗುತ್ತದೆ. ಸುಮೊ ಕುಸ್ತಿಯ ಅತಿ ದೊಡ್ಡ ಬಿರುದು ‘ಯೊಕೊಝುನ’. ಆ ಮಾತಿನ ಅರ್ಥವೇ ಅಡ್ಡ ಹಗ್ಗ. ಆದರೆ ಮನುಷ್ಯರನ್ನು ಕಟ್ಟುವ ವಿದ್ಯೆ ಬೆಳೆದದ್ದು ಗುಡಿಯಲ್ಲಲ್ಲ, ಪೊಲೀಸರ ಕೈಯಲ್ಲಿ. 1603ರಿಂದ 1868ರವರೆಗಿನ ಎಡೊ ಕಾಲದಲ್ಲಿ ಕೈದಿಗಳನ್ನು ಕಟ್ಟುವುದಕ್ಕೆ ‘ಹೊಜೊಜುತ್ಸು’ ಎನ್ನುತ್ತಿದ್ದರು. ಓಡುವವನನ್ನು ಹಿಡಿದು ಕಟ್ಟಲು ಒಂದು ಬಗೆಯ ಹಗ್ಗ, ಸಾಗಿಸಲು ಇನ್ನೊಂದು ಬಗೆ. ಇಪ್ಪತ್ತನೇ ಶತಮಾನದಲ್ಲಿ ಇಟೊ ಸೆಯು (1882–1961) ಎಂಬ ಚಿತ್ರಕಾರ ಕಟ್ಟಿದ ದೇಹಗಳನ್ನೇ ಬರೆಯತೊಡಗಿದ. 1947ರಲ್ಲಿ ಶುರುವಾದ ‘ಕಿತಾನ್ ಕ್ಲಬ್’ ಪತ್ರಿಕೆ ಈ ಗೀಳನ್ನು ಓದುಗರ ಮನೆಗೆ ತಲುಪಿಸಿತು. ಶಿಕ್ಷೆಯ ಹಗ್ಗ ಹೀಗೆ ಪ್ರೇಮಿಗಳ ಹಗ್ಗವಾಯಿತು. ಕೈದಿಯನ್ನು ಯಾರೂ ‘ಕಟ್ಟಲಾ?’ ಎಂದು ಕೇಳುತ್ತಿರಲಿಲ್ಲ. ನೀವು ಕೇಳಲೇಬೇಕು.

ಕೇಳುವುದೂ ಹಗ್ಗ ಕೈಗೆತ್ತಿಕೊಂಡ ಮೇಲಲ್ಲ. ಸಂಜೆ ಕಾಫಿ ಕುಡಿಯುತ್ತಾ, ಬಟ್ಟೆ ಹಾಕಿಕೊಂಡೇ ಮಾತಾಡಿ. ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ? ಕಟ್ಟಿದ ಮೇಲೆ ಏನೇನು ನಡೆಯಬಹುದು? ಸುಮ್ನೆ ಕಟ್ಟಿ ಬಿಚ್ಚುವುದಷ್ಟೇನಾ? ಹಳೆ ಪೆಟ್ಟು, ಕೀಲು ನೋವು, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ತಲೆಸುತ್ತು ಬರುವ ಅಭ್ಯಾಸ, ಎಲ್ಲವನ್ನೂ ಹೇಳಿಕೊಳ್ಳಿ. ಫೋಟೋ ತೆಗೆಯುವುದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಕಟ್ಟಲು ಒಪ್ಪಿದವರು ಫೋಟೋಗೂ ಒಪ್ಪಿದರು ಎಂದಲ್ಲ. ನಿಲ್ಲಿಸುವ ಮಾತಿಗೆ ಟ್ರಾಫಿಕ್ ಸಿಗ್ನಲ್ ಸಾಕು. ಹಳದಿ ಅಂದರೆ ನಿಧಾನ, ಏನೋ ಸರಿಯಿಲ್ಲ. ಕೆಂಪು ಅಂದರೆ ಈಗಲೇ ಬಿಚ್ಚು, ಪ್ರಶ್ನೆ ಬೇಡ. ಕುಡಿದಿದ್ದರೆ ಅವತ್ತು ಹಗ್ಗ ಮುಟ್ಟಬೇಡಿ, ಒಬ್ಬರೇ ಕುಡಿದಿದ್ದರೂ ಸರಿ.

ಈಗ ಹಗ್ಗ. ರೂಢಿಯಲ್ಲಿರುವುದು ಸೆಣಬಿನದು, ಸುಮಾರು 6 ಮಿಲಿಮೀಟರ್ ದಪ್ಪ, 7–8 ಮೀಟರ್ ಉದ್ದ. ಸೆಣಬು ಹೆಚ್ಚಾಗಿ ಬೆಳೆಯುವುದೇ ನಮ್ಮ ದೇಶದಲ್ಲಿ ಮತ್ತು ಬಾಂಗ್ಲಾದೇಶದಲ್ಲಿ, ಆದರೆ ದಿನಸಿ ಅಂಗಡಿಯ ಮೂಟೆ ಹೊಲಿಯುವ ದಾರ ಇದಕ್ಕೆ ಆಗುವುದಿಲ್ಲ. ತೆಳ್ಳಗಿನ ದಾರ ಚರ್ಮವನ್ನು ಕೊಯ್ಯುತ್ತದೆ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಜಾರುತ್ತದೆ, ಜಾರುವಾಗ ಸುಡುತ್ತದೆ. ತೆಂಗಿನ ನಾರಿನ ಹಗ್ಗದ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ? ಮೊದಲ ದಿನಗಳಿಗೆ ಮೆತ್ತಗಿನ ಹತ್ತಿ ಹಗ್ಗವೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಚೆಂದ ಸ್ವಲ್ಪ ಕಮ್ಮಿ, ಗಂಟು ಬಿಗಿದರೆ ಬಿಡಿಸುವುದು ತುಸು ಕಷ್ಟ, ಆದರೆ ಚುಚ್ಚುವುದಿಲ್ಲ, ತೊಳೆಯಲೂ ಸುಲಭ.

ಇನ್ನು ನರಗಳ ವಿಚಾರ. ಇಲ್ಲಿ ಅವಸರ ಮಾಡಬೇಡಿ, ಈ ಆಟದಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ. ಹಗ್ಗದ ಗುರುತು ಕೆಲವು ಗಂಟೆಗಳಲ್ಲಿ ಮಾಯವಾಗುತ್ತದೆ. ಒತ್ತಿಹೋದ ನರ ಸರಿಯಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಕುಡಿದು, ಕುರ್ಚಿಯ ಬೆನ್ನಿಗೆ ತೋಳು ನೇತುಹಾಕಿ ನಿದ್ದೆ ಹೋದವರಿಗೆ ಬೆಳಗ್ಗೆ ಮುಂಗೈ ಎತ್ತಲಾಗದೆ ಜೋಲುವುದುಂಟು. ಮೇಲ್ತೋಳಿನ ಹೊರಬದಿಯಲ್ಲಿ ಮೂಳೆಗೆ ಅಂಟಿಕೊಂಡು ಹೋಗುವ ನರ ಒತ್ತಿದ್ದರಿಂದ ಹಾಗಾಗುತ್ತದೆ. ತೋಳಿಗೆ ಹಗ್ಗ ಸುತ್ತಿದಾಗಲೂ ಪೆಟ್ಟು ತಿನ್ನುವುದು ಅದೇ ನರ. ಎರಡು ಕೈ ಬೆನ್ನ ಹಿಂದೆ ಮಡಿಸಿ, ತೋಳು ಎದೆ ಸೇರಿಸಿ ಸುತ್ತುವ ‘ತಕಾತೆಕೊತೆ’ ಕಟ್ಟು ನೋಡಲು ಬಹಳ ಚೆಂದ, ಆದರೆ ಇದೇ ಕಾರಣಕ್ಕೆ ಹೊಸಬರಿಗಲ್ಲ. ಮೊಣಕೈಯ ಒಳಬದಿ (ತಗುಲಿದರೆ ಕರೆಂಟ್ ಹೊಡೆದಂತಾಗುತ್ತದಲ್ಲ, ಆ ಜಾಗ), ಕಂಕುಳು, ಮೊಣಕಾಲಿನ ಹೊರಬದಿಯ ಸ್ವಲ್ಪ ಕೆಳಗೆ, ಇವೂ ಬೇಡ. ಕುತ್ತಿಗೆಗಂತೂ ಯಾವತ್ತೂ ಬೇಡ.

ಪರೀಕ್ಷೆ ಸುಲಭ. ಕಟ್ಟಿಸಿಕೊಂಡವರು ‘ನಿಲ್ಲು’ ಎಂದು ಕೈ ತೋರಿಸುವ ಹಾಗೆ ಅಂಗೈಯನ್ನು ಹಿಂದಕ್ಕೆ ಎತ್ತಲಿ. ಬೆರಳುಗಳನ್ನು ಅಗಲಿಸಲಿ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲಿ. ಇದರಲ್ಲಿ ಒಂದು ಆಗದಿದ್ದರೂ, ಜುಮುಗುಡುವಿಕೆ, ಮರಗಟ್ಟುವಿಕೆ, ಚುರುಕ್ ಎನ್ನುವ ನೋವು ಕಂಡರೂ ಕೂಡಲೇ ಬಿಚ್ಚಿ. ‘ಇನ್ನೆರಡು ನಿಮಿಷ’ ಅನ್ನಬೇಡಿ. ಬಿಚ್ಚಿದ ಮೇಲೂ ಕೈಗೆ ಬಲ ಬರದಿದ್ದರೆ ಡಾಕ್ಟರರ ಹತ್ತಿರ ಹೋಗಿ, ಏನಾಯಿತೆಂದು ನಾಚಿಕೆ ಬಿಟ್ಟು ಹೇಳಿ.

ಕಟ್ಟೋಣವೇ? ಮೊದಲು ಕುರ್ಚಿಯ ಕಾಲಿಗೆ, ಆಮೇಲೆ ನಿಮ್ಮದೇ ಮೀನಖಂಡಕ್ಕೆ ಹತ್ತು ಸಲ ಅಭ್ಯಾಸ ಮಾಡಿ. ಹಗ್ಗವನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ. ಜಪಾನಿ ಪದ್ಧತಿಯಲ್ಲಿ ಯಾವಾಗಲೂ ಶುರು ಮಾಡುವುದು ನಡುವಿನಿಂದ, ಎರಡೆಳೆಯಾಗಿ. ಮಡಿಕೆಯಲ್ಲಿ ಒಂದು ಕುಣಿಕೆ ಸಿಗುತ್ತದೆ. ಉಳಿದದ್ದನ್ನು ಬಾಲ ಎನ್ನೋಣ.

ಮಣಿಕಟ್ಟಿನ ಗೆರೆಯ ಮೇಲೆ ಸುತ್ತಬೇಡಿ. ಎರಡು ಬೆರಳಷ್ಟು ಮೊಣಕೈ ಕಡೆಗೆ ಸರಿಯಿರಿ. ಕುಣಿಕೆಯ ಕಡೆ ಒಂದು ಗೇಣು ಉದ್ದ ಬಿಟ್ಟುಕೊಂಡು, ಬಾಲವನ್ನು ಎರಡು ಸುತ್ತು ಸುತ್ತಿ. ಈಗ ನಾಲ್ಕು ಎಳೆ ಪಕ್ಕಪಕ್ಕದಲ್ಲಿ, ರಿಬ್ಬನ್ ಹಾಗೆ ಚಪ್ಪಟೆಯಾಗಿ ಕೂರಬೇಕು. ಒಂದರ ಮೇಲೊಂದು ಹತ್ತಿದರೆ ಭಾರವೆಲ್ಲ ಒಂದೇ ಎಳೆಗೆ ಬೀಳುತ್ತದೆ, ಬಿಚ್ಚಿ ಮತ್ತೆ ಸುತ್ತಿ. ನಿಮ್ಮ ಎರಡು ಬೆರಳನ್ನು ಸುತ್ತಿನ ಒಳಗೆ ಇಟ್ಟುಕೊಂಡೇ ಇರಿ. ಕುಣಿಕೆಯನ್ನು ಬಾಲದ ಮೇಲೆ ದಾಟಿಸಿ, ನಾಲ್ಕೂ ಎಳೆಗಳ ಅಡಿಯಿಂದ, ಅಂದರೆ ಚರ್ಮಕ್ಕೂ ಹಗ್ಗಕ್ಕೂ ನಡುವಿನಿಂದ ತೂರಿಸಿ ಮೇಲೆತ್ತಿ. ಅರ್ಧ ಗಂಟು ಆಯಿತು. ಈಗ ಕುಣಿಕೆಗೂ ಬಾಲಕ್ಕೂ ಇನ್ನೊಂದು ಅರ್ಧ ಗಂಟು, ಆದರೆ ದಿಕ್ಕು ಉಲ್ಟಾ. ಮೊದಲು ಬಲದ್ದು ಎಡದ ಮೇಲೆ ಹೋಗಿದ್ದರೆ ಈಗ ಎಡದ್ದು ಬಲದ ಮೇಲೆ. ಎರಡೂ ಸಲ ಒಂದೇ ದಿಕ್ಕಾದರೆ ಗಂಟು ವಕ್ರವಾಗಿ ಕೂರುತ್ತದೆ, ಜಾರುತ್ತದೆ.

ಬೆರಳು ಹೊರತೆಗೆಯಿರಿ. ಅವು ಇದ್ದಷ್ಟು ಜಾಗ ಉಳಿದಿರಬೇಕು. ಈಗ ಬಾಲವನ್ನು ಮೆಲ್ಲಗೆ ಜಗ್ಗಿ ನೋಡಿ. ಸುತ್ತು ಬಿಗಿಯಾಗುತ್ತಿದೆಯಾ? ಹಾಗಾದರೆ ನೀವು ಕಟ್ಟಿದ್ದು ಜೀರುಗುಣಿಕೆ. ಬಿಚ್ಚಿ, ಮತ್ತೆ ಶುರು. ಸರಿಯಾದ ಕಟ್ಟು ಎಷ್ಟು ಎಳೆದರೂ ಬಳೆಯ ಹಾಗೆ ಅಷ್ಟೇ ಇರುತ್ತದೆ.

ಇಷ್ಟೇನಾ ಅನ್ನಿಸಬಹುದು. ಹೌದು, ಇಷ್ಟೇ. ಮುಂದೆ ಕಲಿಯುವ ಎಷ್ಟೋ ಕಟ್ಟುಗಳು ಇದರಿಂದಲೇ ಶುರುವಾಗುತ್ತವೆ. ಬಾಲವನ್ನು ಹಿಡಿದು ಕೈಯನ್ನು ನಿಧಾನಕ್ಕೆ ನಿಮ್ಮತ್ತ ಸೆಳೆಯಿರಿ, ಬಿಡಿ, ಮತ್ತೆ ಸೆಳೆಯಿರಿ. ಎದುರಿನವರ ಉಸಿರು ಬದಲಾಗುವುದು ಗೊತ್ತಾಗುತ್ತದೆ. ಈ ಕಲೆಯ ರುಚಿ ಹತ್ತುವುದು ಅಲ್ಲಿ, ಗಂಟಿನ ಸಂಖ್ಯೆಯಲ್ಲಿ ಅಲ್ಲ. ಮೊದಲ ಸಲ ಹತ್ತು ನಿಮಿಷ ಸಾಕು. ಕಟ್ಟಿರುವವರನ್ನು ಬಿಟ್ಟು ಕೋಣೆಯಿಂದ ಆಚೆ ಹೋಗುವಂತಿಲ್ಲ, ಕಾಲಿಂಗ್ ಬೆಲ್ ಆದರೂ.

ಬಿಚ್ಚುವುದನ್ನು ಕೆಲಸ ಮುಗಿಸಿದಂತೆ ಮಾಡಬೇಡಿ. ಸರ್ರನೆ ಎಳೆದರೆ ಚರ್ಮ ಸುಡುತ್ತದೆ, ತುದಿ ಹಾರಿ ಕಣ್ಣಿಗೆ ಬಡಿಯಬಹುದು. ಒಂದೊಂದೇ ಸುತ್ತು, ಕಟ್ಟಿದ್ದಕ್ಕಿಂತ ನಿಧಾನವಾಗಿ. ಆಮೇಲೆ ಕೈ ನೀವಿ, ನೀರು ಕೊಡಿ, ಹೊದಿಕೆ ಹೊದಿಸಿ. ಕೆಲವರಿಗೆ ಮಾತು ಬೇಕೆನಿಸುತ್ತದೆ, ಕೆಲವರಿಗೆ ಸುಮ್ಮನೆ ಪಕ್ಕದಲ್ಲಿ ಒಬ್ಬರು ಇದ್ದರೆ ಸಾಕು. ಮಾರನೇ ದಿನ ಬೆರಳು ಹೇಗಿದೆ ಎಂದು ಕೇಳಲು ಮರೆಯಬೇಡಿ. ಕೆಲವು ನರದ ತೊಂದರೆ ರಾತ್ರಿ ಕಳೆದ ಮೇಲೇ ಗೊತ್ತಾಗುವುದು.

ಹಗ್ಗವನ್ನು ಮತ್ತೆ ಅರ್ಧಕ್ಕೆ ಮಡಿಸಿ, ಕುಣಿಕೆ ಮೇಲೆ ಬರುವಂತೆ ಸುತ್ತಿಡಿ. ಕತ್ತರಿಯನ್ನೂ ಅದರ ಜೊತೆಗೇ ಇಡಿ.