ಶಾಲೆ ಬಿಟ್ಟು ಮೈದಾನಕ್ಕೆ ಹೋಗುವ ಮಧ್ಯೆ ಏನು ಕೊಡೋದು?

ನಮ್ಮ ಮಗಳಿಗೆ 4 ಗಂಟೆಗೆ ಶಾಲೆ ಬಿಡುತ್ತದೆ, 5ಕ್ಕೆ ಖೋ ಖೋ ಪ್ರಾಕ್ಟೀಸ್. ಮಧ್ಯಾಹ್ನ ಉಂಡದ್ದು ಹನ್ನೆರಡೂವರೆಗೆ. ಅಷ್ಟೊತ್ತಿಗೆ ಹೊಟ್ಟೆ ಚುರುಗುಟ್ಟದೇ ಇರುತ್ತಾ? ಮೊದಲ ವಾರ ಬಾದಾಮಿ, ಒಣಕೊಬ್ಬರಿ, ತುಪ್ಪ ಸುರಿದು ಮಾಡಿದ ಅಂಟಿನುಂಡೆ ಎರಡು ಕೊಟ್ಟು ಕಳಿಸಿದೆ. ಸ್ವಲ್ಪ ಓಡುತ್ತಿದ್ದಂತೆ ಹೊಟ್ಟೆ ಹಿಡಿದುಕೊಂಡು ಕೂತಳಂತೆ. ಮರುದಿನ ಮೊಳಕೆ ಕಾಳು ಕೊಟ್ಟೆ. ಗ್ಯಾಸ್ ಆಗಿ ಇನ್ನೂ ಫಜೀತಿ.

ಎರಡೂ ಒಳ್ಳೆಯ ತಿಂಡಿಗಳೇ. ಕೊಟ್ಟ ಹೊತ್ತು ಸರಿಯಿರಲಿಲ್ಲ, ಅಷ್ಟೆ. ಕೊಬ್ಬು, ನಾರು ಜಾಸ್ತಿ ಇದ್ದರೆ ಜೀರ್ಣವಾಗಲು ತಡ. ಓಡುವ ಮುಂಚೆ ಬೇಕಾದದ್ದು ಬೇಗ ಕರಗಿ ಶಕ್ತಿ ಕೊಡುವ ಪಿಷ್ಟ, ಸ್ವಲ್ಪ ಸಿಹಿ.

ಮೊದಲು ಗಡಿಯಾರ ನೋಡಿ. ಆಟಕ್ಕೆ ಎರಡು ಗಂಟೆ ಇದ್ದರೆ ಎರಡು ಇಡ್ಲಿ ಅಥವಾ ಒಂದು ಚಪಾತಿ ರೋಲ್ ನಡೆಯುತ್ತದೆ. ಒಂದು ಗಂಟೆ ಇದ್ದರೆ ಒಂದು ಹಿಡಿ ಒಗ್ಗರಣೆ ಮಂಡಕ್ಕಿ (ಎಣ್ಣೆ ಕಡಿಮೆ ಇರಲಿ) ಅಥವಾ ಕೆಳಗೆ ಹೇಳಿರುವ ಹುರಿಹಿಟ್ಟಿನ ಒಂದು ಸಣ್ಣ ಉಂಡೆ. ಅರ್ಧ ಗಂಟೆಯಷ್ಟೇ ಇದ್ದರೆ ಏಲಕ್ಕಿ ಬಾಳೆಹಣ್ಣು. ಸುಲಿದು ತಿಂದರಾಯಿತು, ಕೈಯೂ ಅಂಟಲ್ಲ. ಬೇಕರಿ ಪಫ್ಸ್ ಮಾತ್ರ ಬೇಡ. ಮೈದಾ, ಡಾಲ್ಡಾ ಸೇರಿ ಮೇಲೆ ಹೇಳಿದ ಅಂಟಿನುಂಡೆಯ ಕಥೆಯೇ ಆಗುತ್ತದೆ, ಅದರ ಗುಣವೊಂದನ್ನು ಬಿಟ್ಟು.

ನಮ್ಮ ಮನೆಯಲ್ಲಿ ಗೆದ್ದದ್ದು ಹುರಿಹಿಟ್ಟಿನ ಉಂಡೆ. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟಿದು, ಮತ್ತೆ ಬೇಯಿಸಬೇಕಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಕೇಳಿಯೇ ತನ್ನಿ. ಮುದ್ದೆಗೆ ಬಳಸುವ ರಾಗಿ ಹಿಟ್ಟು ಹಸಿ, ಇದಕ್ಕಾಗದು.

ಒಂದು ಲೋಟ ಹುರಿಹಿಟ್ಟಿಗೆ ಎರಡು ಚಮಚ ಹುರಿಗಡಲೆ ಪುಡಿ, ಚಿಟಿಕೆ ಏಲಕ್ಕಿ ಪುಡಿ ಬೆರೆಸಿಡಿ. ಅರ್ಧ ಲೋಟ ಪುಡಿ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಒಂದು ಕುದಿ ಬಂದ ಮೇಲೆ ಸೋಸಿ. ಪಾಕದ ಗೋಜು ಬೇಡ. ಬಿಸಿಯಿರುವಾಗಲೇ ಹಿಟ್ಟಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾ ಚಮಚದಲ್ಲಿ ಕಲೆಸಿ. ಒಮ್ಮೆಲೇ ಸುರಿದರೆ ಅಂಬಲಿಯಾಗುತ್ತದೆ! ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಆ ಹದಕ್ಕೆ ನಿಲ್ಲಿಸಿ, ಅಂಗೈಗೆ ತುಪ್ಪ ಸವರಿಕೊಂಡು ನಿಂಬೆ ಗಾತ್ರದ ಉಂಡೆ ಕಟ್ಟಿ. ಎರಡು ದಿನಕ್ಕೆ ಆಗುವಷ್ಟೇ ಮಾಡಿ, ಫ್ರಿಜ್‌ನಲ್ಲಿಡಿ.

ಡಬ್ಬಿ ಸಣ್ಣದಿರಲಿ. ದೊಡ್ಡದಿದ್ದರೆ ತುಂಬಿಸುವ ಆಸೆ ನಮಗೇ ಬರುತ್ತದೆ. ಒಂದು ಉಂಡೆ, ಒಂದು ಬಾಳೆಹಣ್ಣು ಸಾಕು. ಗೆಳತಿಯರು ಹಂಚಿಕೊಂಡು ತಿನ್ನುತ್ತಾರಲ್ವಾ, ಹಾಗಾಗಿ ಶೇಂಗಾ ಹಾಕುವ ಮುಂಚೆ ಯಾರಿಗಾದರೂ ಅಲರ್ಜಿ ಇದೆಯಾ ಅಂತ ವಿಚಾರಿಸಿ. ನೀರನ್ನು ದಿನವಿಡೀ ಕುಡಿಯುತ್ತಿರಲಿ. ಮೈದಾನದ ಬಾಗಿಲಲ್ಲಿ ನಿಂತು ಬಾಟಲಿ ಖಾಲಿ ಮಾಡಿದರೆ ಓಡುವಾಗ ಹೊಟ್ಟೆಯಲ್ಲಿ ಗುಳುಗುಳು.

ಹೊಸ ತಿಂಡಿಯನ್ನು ಪ್ರಾಕ್ಟೀಸ್ ದಿನ ಕೊಟ್ಟು ನೋಡಿ, ಮ್ಯಾಚ್ ದಿನ ಬೇಡ. ಇನ್ನು ಆ ಮೊಳಕೆ ಕಾಳು, ಅಂಟಿನುಂಡೆ? ಆಡಿ ಬಂದ ಮೇಲೆ, ಕೈಕಾಲು ತೊಳೆದುಕೊಂಡು ಕೂತಾಗ ಕೊಡುತ್ತೇನೆ. ಈಗ ಎರಡು ಸಾಲದು ಅನ್ನುತ್ತಾಳೆ.