ಸ್ವೀಡನ್ನಿನಲ್ಲಿ ಮಗಳ ಬಾಣಂತನ: ಮಲೆನಾಡಿನಿಂದ ಹೊರಡುವವರಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಉದ್ಯೋಗಕ್ಕೆಂದು ಸ್ಟಾಕ್‌ಹೋಮ್ ಅಥವಾ ಗೋಥೆನ್‌ಬರ್ಗ್ ಸೇರಿದ ಮಗಳು ಬಸುರಿಯಾದಳೆಂದರೆ ಬಾಣಂತನಕ್ಕೆ ಯಾರು ಹೋಗುವುದೆಂಬ ಮಾತು ಮನೆಯಲ್ಲಿ ಮೊದಲು ಏಳುತ್ತದೆ. ಅದಕ್ಕೂ ಮುನ್ನ ವಿಚಾರಿಸಬೇಕಾದ ಸಂಗತಿಯೆಂದರೆ, ಆಕೆಯ ಹೆಸರು ಅಲ್ಲಿನ ಜನಸಂಖ್ಯಾ ದಾಖಲೆಯಲ್ಲಿ ಸೇರಿದೆಯೇ ಎಂಬುದು.

ಈ ದಾಖಲೆಯನ್ನು ನೋಡಿಕೊಳ್ಳುವುದು ಸ್ಕಾಟೆವೆರ್ಕೆಟ್ ಎಂಬ ತೆರಿಗೆ ಇಲಾಖೆ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನೆಲೆಸುವವರು ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯೊಂದಿಗೆ ಖುದ್ದಾಗಿ ಹೋಗಿ ನೋಂದಾಯಿಸಿಕೊಂಡರೆ ವೈಯಕ್ತಿಕ ಸಂಖ್ಯೆ ದೊರೆಯುತ್ತದೆ. ಬಳಿಕ ಫೋರ್ಸೆಕ್ರಿಂಗ್ಸ್‌ಕಾಸನ್ ಎಂಬ ಸಾಮಾಜಿಕ ವಿಮಾ ಸಂಸ್ಥೆಯಲ್ಲೂ ಹೆಸರು ದಾಖಲಿಸಬೇಕು. ಬಿಪಿಎಲ್ ಕಾರ್ಡನ್ನಾಗಲಿ ಶಿಫಾರಸು ಪತ್ರವನ್ನಾಗಲಿ ಯಾರೂ ಕೇಳುವುದಿಲ್ಲ. ಸವಲತ್ತುಗಳೆಲ್ಲ ವಾಸ ಮತ್ತು ದುಡಿಮೆಯ ಆಧಾರದ ಮೇಲೆ ನಿಂತಿವೆ.

ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಪ್ರಸೂತಿ ತಜ್ಞರನ್ನು ಕಂಡು ಬರುವ ರೂಢಿಯವರಿಗೆ ಅಲ್ಲಿನ ಪದ್ಧತಿ ಮೊದಮೊದಲು ಕಳವಳ ತರಬಹುದು. ಗರ್ಭಿಣಿಯ ತಪಾಸಣೆಯನ್ನೂ ಸಹಜ ಹೆರಿಗೆಯನ್ನೂ ನಡೆಸುವವರು ನರ್ಸಿಂಗ್ ಓದಿದ ಮೇಲೆ ಪ್ರಸೂತಿಯಲ್ಲಿ ವಿಶೇಷ ಶಿಕ್ಷಣ ಪಡೆದು ಪರವಾನಗಿ ಹೊಂದಿದ ಸೂಲಗಿತ್ತಿಯರು. ತೊಡಕು ಕಂಡಾಗಷ್ಟೇ ವೈದ್ಯರು ಬರುತ್ತಾರೆ. ‘ಡಾಕ್ಟರೇ ನೋಡಲಿಲ್ಲವಂತೆ’ ಎಂದು ಊರಿನಲ್ಲಿ ಕುಳಿತು ಗಾಬರಿಪಡಬೇಕಿಲ್ಲ. ಸೂಲಗಿತ್ತಿಯ ಬಳಿಯ ತಪಾಸಣೆಗಳಿಗೆ ಶುಲ್ಕವಿಲ್ಲ. ಗರ್ಭಿಣಿಯಾದ ಮೇಲೆ ಅಲ್ಲಿಗೆ ಹೊರಡುವವರು ತಾಯಿ ಕಾರ್ಡು ಮತ್ತು ಸ್ಕ್ಯಾನ್ ವರದಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಸಂದೇಹಗಳಿಗೆ 1177, ತುರ್ತಿಗೆ 112 ಕರೆ ಸಂಖ್ಯೆಗಳಿವೆ.

ಹೆಚ್ಚು ಎಚ್ಚರಿಕೆಯಿಂದ ಲೆಕ್ಕ ಹಾಕಬೇಕಾದದ್ದು ರಜೆಯ ವಿಷಯ. 1974ರಲ್ಲಿ ಸ್ವೀಡನ್ ತಾಯಂದಿರಿಗಷ್ಟೇ ಇದ್ದ ಹೆರಿಗೆ ಭತ್ಯೆಯ ಬದಲಿಗೆ ತಂದೆ ತಾಯಿ ಇಬ್ಬರಿಗೂ ಸಲ್ಲುವ ಪೋಷಕ ಭತ್ಯೆಯನ್ನು ಜಾರಿಗೆ ತಂದಿತು. ಈಗ ಒಂದು ಮಗುವಿಗೆ ಒಟ್ಟು 480 ದಿನಗಳ ಭತ್ಯೆ ಸಲ್ಲುತ್ತದೆ. ಅದರಲ್ಲಿ 390 ದಿನ ಸಂಬಳಕ್ಕೆ ಅನುಗುಣವಾಗಿ, ಉಳಿದ 90 ದಿನ ದಿನಕ್ಕೆ 180 ಕ್ರೋನಾದಂತೆ. ಇಬ್ಬರಿಗೂ ತಲಾ 90 ದಿನಗಳು ಮೀಸಲಾಗಿದ್ದು ಅವನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲವಾದ್ದರಿಂದ, ಅಳಿಯಂದಿರು ರಜೆ ಹಾಕದಿದ್ದರೆ ಅಷ್ಟು ದಿನಗಳ ಭತ್ಯೆ ಕೈತಪ್ಪಿದಂತೆಯೇ. ಅವರು ತಿಂಗಳುಗಟ್ಟಲೆ ಮನೆಯಲ್ಲಿದ್ದು ಮಗುವನ್ನು ನೋಡಿಕೊಂಡರೆ ಕೆಲಸ ಹೋಯಿತೇನೋ ಎಂದು ಬೀಗರು ಶಂಕಿಸುವುದು ಬೇಡ. ಇನ್ನೊಂದು ಷರತ್ತನ್ನು ಹಲವರು ತಡವಾಗಿ ತಿಳಿಯುತ್ತಾರೆ: ಮೊದಲ 180 ದಿನಗಳ ಭತ್ಯೆ ಸಂಬಳದ ಪ್ರಮಾಣದಲ್ಲಿ ಸಿಗಬೇಕಾದರೆ, ನಿರೀಕ್ಷಿತ ಹೆರಿಗೆಯ ದಿನಕ್ಕೆ ಮೊದಲು ಕನಿಷ್ಠ 240 ದಿನ ಸತತವಾಗಿ ದುಡಿಮೆಯಲ್ಲಿರಬೇಕು, ಇಲ್ಲವಾದರೆ ಆ ಅವಧಿಗೆ ದಿನಕ್ಕೆ 250 ಕ್ರೋನಾ ಮಾತ್ರ. ಆದ್ದರಿಂದ ಕೆಲಸಕ್ಕೆ ಸೇರಿದ ದಿನಾಂಕವನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

2024ರ ಜುಲೈಯಿಂದ ಪೋಷಕರು ತಲಾ 45 ದಿನಗಳವರೆಗೆ ಭತ್ಯೆಯನ್ನು ಅಜ್ಜಿ, ಅಜ್ಜ ಅಥವಾ ಇತರರಿಗೆ ವರ್ಗಾಯಿಸಬಹುದು. ಇದನ್ನು ಕೇಳಿ ಆಸೆಪಡುವ ಮುನ್ನ ತಿಳಿದಿರಲಿ: ಪಡೆಯುವವರು ಸ್ವೀಡನ್ನಿನ ವಿಮಾ ವ್ಯವಸ್ಥೆಯೊಳಗೆ ಇರಬೇಕು. ಸಂದರ್ಶಕರ ವೀಸಾದಲ್ಲಿ ಹೋದ ಅಮ್ಮನಿಗೆ ಅದು ಅನ್ವಯಿಸದು.

ಅಮ್ಮನ ಪ್ರಯಾಣಕ್ಕೆ ಷೆಂಗೆನ್ ವೀಸಾ ಬೇಕು. ಅದರಲ್ಲಿ ಯಾವುದೇ 180 ದಿನಗಳೊಳಗೆ 90 ದಿನಗಳಷ್ಟೇ ಇರಬಹುದು. ಅದಕ್ಕೂ ಹೆಚ್ಚು ಕಾಲ ಇರುವುದಾದರೆ ವಲಸೆ ಇಲಾಖೆಯ ಸಂದರ್ಶಕ ಪರವಾನಗಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಮಗಳು ಕಳುಹಿಸುವ ಆಹ್ವಾನ ಪತ್ರದೊಂದಿಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಕಡ್ಡಾಯ. ಮಗಳಿಗೆ ಸಿಗುವ ಅಗ್ಗದ ಚಿಕಿತ್ಸೆ ಅಮ್ಮನಿಗೆ ಸಿಗುವುದಿಲ್ಲ. ಅಲ್ಲಿ ಆಸ್ಪತ್ರೆ ಸೇರಬೇಕಾಗಿ ಬಂದರೆ ಬಿಲ್ಲು ದೊಡ್ಡದು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಹಳೆಯ ಕಾಯಿಲೆಗೂ ವಿಮೆ ಅನ್ವಯಿಸುತ್ತದೆಯೇ ಎಂದು ಪಾಲಿಸಿಯನ್ನು ಓದಿಯೇ ಹಣ ಕಟ್ಟಲಿ. ಇದ್ದಷ್ಟು ದಿನಕ್ಕೆ ಸಾಲುವ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಒಯ್ಯಲಿ.

ಸಾಮಾನಿನ ವಿಚಾರದಲ್ಲಿ ಒಂದು ಮಾತು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲು ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಮನೆಯಲ್ಲಿ ಕಾಸಿದ ತುಪ್ಪವೂ ಇದಕ್ಕೆ ಹೊರತಲ್ಲ. ಒಣಶುಂಠಿ, ಮೆಣಸು, ಜೀರಿಗೆಯ ಪುಡಿಗಳನ್ನು ಒಯ್ದು, ಅಲ್ಲಿಯ ಬೆಣ್ಣೆ ಕಾಸಿಕೊಳ್ಳುವುದೇ ಸುಲಭ. ಬಾಣಂತಿ ಕೋಣೆಗೆ ಹೊಗೆ ಹಾಕಿದರೆ ಫ್ಲ್ಯಾಟಿನ ಹೊಗೆ ಗಂಟೆ ಹೊಡೆದುಕೊಳ್ಳುತ್ತದೆಂಬುದನ್ನೂ ಅಮ್ಮನಿಗೆ ಹೇಳಿರಬೇಕು.

ತೊಡಕಿಲ್ಲದ ಹೆರಿಗೆಯಾದರೆ ಒಂದೆರಡು ದಿನಗಳಲ್ಲೇ ಮನೆಗೆ ಕಳುಹಿಸುತ್ತಾರೆ. ಅನಂತರ ತೂಕ, ಲಸಿಕೆ, ಬೆಳವಣಿಗೆಯನ್ನು ಮಕ್ಕಳ ಆರೋಗ್ಯ ಕೇಂದ್ರ ಉಚಿತವಾಗಿ ನೋಡಿಕೊಳ್ಳುತ್ತದೆ. ಬಿಸಿಲು ಕಡಿಮೆಯಾದ ಆ ನಾಡಿನಲ್ಲಿ ಎಳೆಗೂಸುಗಳಿಗೆ ಎರಡು ವರ್ಷ ತುಂಬುವವರೆಗೆ ದಿನವೂ ವಿಟಮಿನ್ ಡಿ ಹನಿ ಹಾಕಲು ಅವರು ಹೇಳುವುದನ್ನು ತಪ್ಪಿಸಬಾರದು.

ಜನನವನ್ನು ಆಸ್ಪತ್ರೆಯೇ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಮಗುವಿನ ಹೆಸರನ್ನು ಮೂರು ತಿಂಗಳೊಳಗೆ ಪೋಷಕರು ತಿಳಿಸಬೇಕು. ತಂದೆ ತಾಯಿ ಇಬ್ಬರೂ ಭಾರತೀಯ ಪ್ರಜೆಗಳಾಗಿದ್ದರೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಸ್ವೀಡನ್ನಿನ ಪೌರತ್ವ ಬರುವುದಿಲ್ಲ. ಒಂದು ವರ್ಷದೊಳಗೆ ಸ್ಟಾಕ್‌ಹೋಮ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು. ಮಗುವಿನ ವಾಸದ ಪರವಾನಗಿಗೂ ಅರ್ಜಿ ಸಲ್ಲಿಸಬೇಕು. ಮಗುವನ್ನು ಊರಿಗೆ ಕರೆತರುವ ಟಿಕೆಟ್ಟನ್ನು ಈ ಎರಡೂ ಕೈಸೇರಿದ ಮೇಲೆ ಕಾಯ್ದಿರಿಸಿದರೆ ಸಾಕು.