ಬಾಲ್ಕನಿ ಬೇಕಾ, ಬೇಡ್ವಾ? ಐದು ಕ್ರೂಸ್‌ಗಳಲ್ಲಿ ನಾನು ಕಲಿತ ಲೆಕ್ಕ

ಮೊದಲ ಕ್ರೂಸಿನ, ಅಂದರೆ ಹಡಗಿನಲ್ಲಿ ಊರೂರು ಸುತ್ತುವ ಪ್ರವಾಸದ, ಮೂರನೇ ದಿನ. ಬೆಳಗಿನ ಐದೂವರೆ. ತಲೆಯ ಮೇಲೆ ಯಾರೋ ಕುರ್ಚಿ ಎಳೆದ ಸದ್ದು. ಕರ್ರ್ ಅಂತ ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಸಾಲಾಗಿ ಇಪ್ಪತ್ತೋ ಮೂವತ್ತೋ. ಎದ್ದು ಕೂತೆ. "ಏನೇ ಅದು?" ಅಂತ ನಮ್ಮವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ನಮ್ಮ ಕ್ಯಾಬಿನ್ (ಹಡಗಿನ ಕೋಣೆ) ಈಜುಕೊಳ ಇರುವ ಡೆಕ್‌ನ, ಅಂದರೆ ಅಂತಸ್ತಿನ, ನೇರ ಕೆಳಗಿತ್ತು. ರಾತ್ರಿ ಒಟ್ಟಿ ಇಟ್ಟ ಕುರ್ಚಿಗಳನ್ನು ಜನ ಏಳುವ ಮೊದಲೇ ಸಿಬ್ಬಂದಿ ಸಾಲಾಗಿ ಹರಡುತ್ತಿದ್ದರು. ಅವರ ತಪ್ಪೇನಿಲ್ಲ. ಆ ಕ್ಯಾಬಿನ್ ಆರಿಸಿದ್ದು ನಾನೇ.

ಬಾಲ್ಕನಿ ಬೇಕು ಅಂತ ದುಡ್ಡು ಜಾಸ್ತಿ ಕೊಟ್ಟಿದ್ದೆವು. ಮೇಲಿನ ಡೆಕ್ ಆದರೆ ಇನ್ನೂ ಚೆನ್ನಾಗಿರುತ್ತದೆ ಅಂತ ಅದಕ್ಕೆ ಮತ್ತಷ್ಟು ಸೇರಿಸಿದ್ದೆವು. ಕೈಯಿಂದ ಕೊಟ್ಟು ನಿದ್ದೆ ಕಳೆದುಕೊಂಡ ಹಾಗಾಯಿತು.

ಆ ಸಿಟ್ಟಿಗೋ ಏನೋ, ಅವತ್ತಿಂದ ಒಂದು ಲೆಕ್ಕ ಬರೆಯತೊಡಗಿದೆ. ಬಾಲ್ಕನಿಯಲ್ಲಿ ದಿನಾ ಎಷ್ಟು ಹೊತ್ತು ಕೂತೆವು ಅಂತ. ಏಳು ರಾತ್ರಿಗೆ ಒಟ್ಟು ಬಂದಿದ್ದು ಮೂರೂವರೆ ಗಂಟೆ. ಯಾಕೆಂದರೆ ಅದು ಹೆಚ್ಚುಕಮ್ಮಿ ದಿನಕ್ಕೊಂದು ಬಂದರಿನ ಪ್ರಯಾಣ. ಬೆಳಿಗ್ಗೆ ಇಳಿದರೆ ಸಂಜೆ ಹತ್ತುವುದು, ಸ್ನಾನ, ಊಟ, ನಾಟಕ, ನಿದ್ದೆ. ಬಾಲ್ಕನಿಗೆ ಪುರುಸೊತ್ತು ಎಲ್ಲಿ? ಹೆಚ್ಚು ಕೊಟ್ಟ ದುಡ್ಡನ್ನು ಆ ಮೂರೂವರೆ ಗಂಟೆಗೆ ಭಾಗಿಸಿ ನಮ್ಮವರಿಗೆ ತೋರಿಸಿದೆ. ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಸುಮ್ಮನಾದರು.

ಆಮೇಲಿನ ನಾಲ್ಕು ಕ್ರೂಸ್‌ಗೂ ಮೊದಲು ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ಎಚ್ಚರವಾಗಿರುವ ಎಷ್ಟು ಗಂಟೆ ನಾವು ಕ್ಯಾಬಿನ್‌ನಲ್ಲಿ ಇರುತ್ತೇವೆ? ಅದಕ್ಕೆ ಉತ್ತರ ಕೊಡುವುದು ಪ್ರಯಾಣದ ಪಟ್ಟಿ. ಬಂದರು ಜಾಸ್ತಿ ಇದ್ದರೆ ಒಳಗಿನ ಕ್ಯಾಬಿನ್. ಸಮುದ್ರದ ಮೇಲಿನ ದಿನಗಳು ಜಾಸ್ತಿ ಇದ್ದರೆ, ಅಥವಾ ಹಡಗು ಹೋಗುವ ದಾರಿಯೇ ನೋಡುವಂಥದ್ದಾದರೆ, ಬಾಲ್ಕನಿ.

ಎರಡನೇ ಸಲ ಕಿಟಕಿಯೇ ಇಲ್ಲದ ಇನ್‌ಸೈಡ್ ಕ್ಯಾಬಿನ್ ತಗೊಂಡೆವು. ಮೊದಲ ರಾತ್ರಿ ದೀಪ ಆರಿಸಿದಾಗ ಎಂಥ ಕತ್ತಲು ಅಂತೀರಿ! ಕೈ ಮುಖದ ಮುಂದೆ ಹಿಡಿದರೂ ಕಾಣದು. ಅಂಥ ಗಾಢ ನಿದ್ದೆ ನನಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ತೊಂದರೆ ಅಂದರೆ ಮರುದಿನ ಎದ್ದಾಗ ಹತ್ತು ಗಂಟೆ. ಅರ್ಧ ಬೆಳಗು ಹೋಗಿತ್ತು. ಅದಕ್ಕೂ ಒಂದು ಉಪಾಯ ಸಿಕ್ಕಿತು. ಸುಮಾರು ಹಡಗುಗಳಲ್ಲಿ ಟಿವಿಯ ಒಂದು ಚಾನೆಲ್‌ನಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ಸದಾ ಓಡುತ್ತಿರುತ್ತದೆ. ಅದನ್ನು ಸದ್ದಿಲ್ಲದೆ ಹಚ್ಚಿಟ್ಟು ಮಲಗಿದರೆ ರಾತ್ರಿಯೆಲ್ಲ ಪರದೆ ಕಪ್ಪು. ಬೆಳಗಾದಂತೆ ಮೆಲ್ಲಗೆ ಬೂದು, ಆಮೇಲೆ ನೀಲಿ. ಅದೇ ನಮ್ಮ ಕಿಟಕಿ. ಡಿಸ್ನಿ ಡ್ರೀಮ್ ಹಡಗಿನವರು ಇದನ್ನೇ 2011ರಲ್ಲಿ ಗುಂಡಗಿನ ಕಿಟಕಿಯ ಆಕಾರದ ಪರದೆ ಮಾಡಿ ಒಳ ಕ್ಯಾಬಿನ್‌ಗಳ ಗೋಡೆಗೆ ಕೂರಿಸಿದರು. ನಮ್ಮದು ಬಡವರ ಆವೃತ್ತಿ, ಅಷ್ಟೇ.

ಮೂರನೇ ಸಲ ಅತ್ತೆಯವರೂ ಬಂದರು. ಅವರಿಗೆ ಬಸ್ಸಿನಲ್ಲೇ ತಲೆ ಸುತ್ತುತ್ತದೆ. "ಅಮ್ಮ, ನಿಮಗೆ ಮೇಲೆ ಚೆನ್ನಾಗಿರೋ ಬಾಲ್ಕನಿ ರೂಮ್ ಮಾಡ್ಸೋಣ" ಅಂತ ನಮ್ಮವರ ತಂಗಿ ಆಸೆ ಹುಟ್ಟಿಸಿದ್ದಳು. ನಾನು ಬೇಡ ಅಂದೆ. ಪಾರ್ಕಿನಲ್ಲಿ ಮಕ್ಕಳು ಕೂತು ಆಡುವ ಸೀ-ಸಾ ಹಲಗೆ ನೆನಪಿಸಿಕೊಳ್ಳಿ. ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗುತ್ತಾರೆ, ನಡುವಿನವರು ಅಲ್ಲಾಡುವುದೇ ಕಡಿಮೆ. ಹಡಗೂ ಹಾಗೇ. ಮೂತಿ ಎದ್ದು ಬೀಳುವುದು ಮುಂದೆ ಮತ್ತು ಹಿಂದೆ ಜಾಸ್ತಿ ಗೊತ್ತಾಗುತ್ತದೆ. ಅಕ್ಕಪಕ್ಕ ತೂಗುವುದು ಮೇಲಕ್ಕೆ ಹೋದಷ್ಟೂ ಜಾಸ್ತಿ. ಈಗಿನ ಹಡಗುಗಳಿಗೆ ನೀರೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ಅವು ಅಕ್ಕಪಕ್ಕದ ತೂಗಾಟ ತಗ್ಗಿಸುತ್ತವೆ, ಮುಂದೆ ಹಿಂದಿನ ಏರಿಳಿತಕ್ಕೆ ಹೆಚ್ಚೇನೂ ಮಾಡವು. ಹಾಗಾಗಿ ಅತ್ತೆಗೆ ಕೆಳಗಿನ ಡೆಕ್‌ನಲ್ಲಿ, ಹಡಗಿನ ನಟ್ಟನಡುವೆ, ಕಿಟಕಿ ಇರುವ ಓಷನ್ ವ್ಯೂ ಕ್ಯಾಬಿನ್. ದಿಗಂತ ಕಣ್ಣಿಗೆ ಕಾಣುತ್ತಿದ್ದರೆ ತಲೆ ಸುತ್ತು ಕಡಿಮೆ, ಅದಕ್ಕೇ ಕಿಟಕಿ. ಬಾಲ್ಕನಿಗಿಂತ ಕಡಿಮೆಯಲ್ಲಿ ಆಯಿತು. ಒಂದು ರಾತ್ರಿ ಅಲೆ ಜೋರಾಗಿದ್ದಾಗ ಮೇಲಿನ ಡೆಕ್‌ನವರು ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ಅತ್ತೆ ಗೊರಕೆ ಹೊಡೆಯುತ್ತಿದ್ದರು.

ನಾಲ್ಕನೆಯದು ನಾರ್ವೆ. ಅಲ್ಲಿ ಕಣ್ಣು ಮುಚ್ಚಿ ಬಾಲ್ಕನಿ ತಗೊಂಡೆ. ಗೈರಾಂಗರ್ ಫ್ಯೋರ್ಡ್ ಸುಮಾರು 15 ಕಿಲೋಮೀಟರ್ ಉದ್ದದ ಕಿರಿದಾದ ನೀರಿನ ಓಣಿ. ಎರಡೂ ಕಡೆ ನೆಟ್ಟಗೆ ಎದ್ದ ಬೆಟ್ಟ. ಹಡಗು ಒಳಗೆ ಹೋಗುವಾಗ ಬೆಳಗಿನ ಜಾವ. ತೆರೆದ ಡೆಕ್‌ನಲ್ಲಿ ಚಳಿ, ಜನ. ನಾವು ಹೊದಿಕೆ ಸುತ್ತಿಕೊಂಡು ಬಾಲ್ಕನಿಯಲ್ಲೇ ಕೂತೆವು. ಸೆವೆನ್ ಸಿಸ್ಟರ್ಸ್ ಜಲಪಾತ ಹತ್ತಿರ ಬಂದಾಗ ನೀರು ಬೀಳುವ ಸದ್ದು ಕ್ಯಾಬಿನ್ ಒಳಗೂ ಕೇಳುತ್ತಿತ್ತು. ಎಡಗಡೆಯೋ ಬಲಗಡೆಯೋ ಅಂತ ಬುಕ್ ಮಾಡುವಾಗ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಸುಮ್ನೆ. ಹೋದ ದಾರಿಯಲ್ಲೇ ಹಡಗು ವಾಪಸ್ ಬರಬೇಕು, ಎರಡೂ ಮಗ್ಗುಲಿನವರಿಗೂ ಎರಡೂ ದಂಡೆ ಸಿಗುತ್ತದೆ. ಆ ಸಲದ ಬಾಲ್ಕನಿ ಲೆಕ್ಕ: ಇಪ್ಪತ್ತೆರಡು ಗಂಟೆ.

ಬುಕ್ ಮಾಡುವ ಮೊದಲು ನಾನು ಮಾಡುವ ಒಂದು ಕೆಲಸ ನೋಡಿ ಮನೆಯವರೆಲ್ಲ ನಗುತ್ತಾರೆ. ಹಡಗಿನ ಡೆಕ್ ನಕ್ಷೆಗಳನ್ನು ಒಂದೇ ಅಳತೆಯಲ್ಲಿ ಪ್ರಿಂಟ್ ತೆಗೆಯುತ್ತೇನೆ. ನಮ್ಮ ಡೆಕ್, ಅದರ ಮೇಲಿನದು, ಕೆಳಗಿನದು. ಲಿಫ್ಟ್‌ಗಳ ಗುರುತು ಒಂದರ ಮೇಲೊಂದು ಕೂರುವ ಹಾಗೆ ಜೋಡಿಸಿ ಕಿಟಕಿ ಗಾಜಿಗೆ ಹಿಡಿಯುತ್ತೇನೆ. ಬೆಳಕಿಗೆ ಮೂರೂ ಒಟ್ಟಿಗೆ ಕಾಣುತ್ತವೆ. ಮೇಲೆ ಈಜುಕೊಳ, ಊಟದ ಹಾಲ್, ಜಿಮ್ ಇದ್ದರೆ ಆ ಕ್ಯಾಬಿನ್ ಬೇಡ. ಕೆಳಗೆ ನಾಟಕಶಾಲೆ, ಡಿಸ್ಕೊ ಇದ್ದರೂ ಬೇಡ. ನಕ್ಷೆಯಲ್ಲಿ ಯಾವ ಹೆಸರೂ ಇಲ್ಲದ ಖಾಲಿ ಜಾಗ ಕಂಡರೆ ಅನುಮಾನ ಪಡಿ. ಅದು ಅಡುಗೆಮನೆಯೋ ಸಿಬ್ಬಂದಿಯ ಗಾಡಿಗಳು ಓಡಾಡುವ ಜಾಗವೋ ಆಗಿರಬಹುದು. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇದ್ದರೆ ಅದೇ ಸರಿ. ಪಕ್ಕದ ಕ್ಯಾಬಿನ್‌ಗೆ ನಡುಬಾಗಿಲು ಇದೆಯಾ ಅನ್ನುವುದನ್ನೂ ನೋಡಿ. ಒಂದು ಕುಟುಂಬ ಎರಡು ಕ್ಯಾಬಿನ್ ತಗೊಂಡರೆ ಅನುಕೂಲ. ಇಲ್ಲದಿದ್ದರೆ ಅಪರಿಚಿತರ ಕೆಮ್ಮು, ಜಗಳ ಎಲ್ಲ ಆ ಬಾಗಿಲ ಸಂದಿಯಿಂದ ಬರುತ್ತದೆ. ತೀರಾ ಮುಂದಿನ ಕೆಳ ಡೆಕ್‌ಗಳಲ್ಲಿ ಲಂಗರು ಇಳಿಸುವ ಬೆಳಗ್ಗೆ ಅಲಾರಾಂ ಬೇಕಾಗುವುದಿಲ್ಲ.

ಕಡಿಮೆ ದರಕ್ಕೆ ಸಿಗುವ "ಗ್ಯಾರಂಟಿ" ಕ್ಯಾಬಿನ್ ಬಗ್ಗೆ ಎಚ್ಚರ. ಗ್ಯಾರಂಟಿ ಇರುವುದು ಯಾವ ದರ್ಜೆ ಅನ್ನುವುದಕ್ಕೆ ಮಾತ್ರ. ಎಲ್ಲಿ ಅನ್ನುವುದನ್ನು ಅವರೇ ಆಮೇಲೆ ಹೇಳುತ್ತಾರೆ. ಒಳಗಿನ ಕ್ಯಾಬಿನ್‌ಗಾದರೆ, ನಿದ್ದೆ ಗಟ್ಟಿ ಇರುವವರು ಧೈರ್ಯ ಮಾಡಬಹುದು. ಅತ್ತೆಯಂಥವರು ಜೊತೆಗಿದ್ದರೆ ಬೇಡವೇ ಬೇಡ. ಹಾಗೆಯೇ ಹೊರಡುವ ಮುನ್ನ "ಮೇಲಿನ ದರ್ಜೆಗೆ ಹೋಗಲು ನಿಮ್ಮ ಬೆಲೆ ಹೇಳಿ" ಅಂತ ಇಮೇಲ್ ಬರುತ್ತದೆ. ನಾನು ಒಂದು ಸಲ ಉತ್ಸಾಹದಲ್ಲಿ ಹರಾಜು ಕೂಗಿದ ಹಾಗೆ ಒಂದು ಬೆಲೆ ಹಾಕಿಬಿಟ್ಟೆ. ಆಮೇಲೆ ನೋಡಿದರೆ ಅದು ಒಬ್ಬರಿಗೆ, ಇಬ್ಬರಿಗೆ ದುಪ್ಪಟ್ಟು! ಗೆದ್ದರೆ ದುಡ್ಡು ವಾಪಸ್ ಇಲ್ಲ. ನಕ್ಷೆ ಹಿಡಿದು ಆರಿಸಿದ ಜಾಗವೂ ಕೈತಪ್ಪುತ್ತದೆ. ಪುಣ್ಯಕ್ಕೆ ಸೋತೆ.

ಲೈಫ್‌ಬೋಟ್ ಅಡ್ಡ ಬರುವ ಕಿಟಕಿಯ ಕ್ಯಾಬಿನ್ ಮಾತ್ರ ಒಳ್ಳೆಯ ವ್ಯಾಪಾರ. ನೋಟ ಇಲ್ಲ, ಆದರೆ ಬೆಳಕು ಇದೆ. ಒಬ್ಬರೇ ಹೋಗುವವರಿಗೆ ಕ್ಯಾಬಿನ್ ದರವೇ ದೊಡ್ಡ ತಲೆನೋವು. ಇಬ್ಬರ ದರವನ್ನೇ ಕೇಳುವುದುಂಟು. ನಾರ್ವೇಜಿಯನ್ ಎಪಿಕ್ ಹಡಗು 2010ರಲ್ಲಿ ಒಬ್ಬರಿಗೆಂದೇ 128 ಪುಟ್ಟ ಕ್ಯಾಬಿನ್‌ಗಳನ್ನು ಇಟ್ಟುಕೊಂಡು ಬಂತು, ಆಮೇಲೆ ಬೇರೆ ಹಡಗುಗಳಲ್ಲೂ ಅಂಥವು ಬಂದವು. ಅವು ಬೇಗ ಖಾಲಿಯಾಗುತ್ತವೆ. ಸೂಟ್, ಅಂದರೆ ಎಲ್ಲಕ್ಕಿಂತ ದುಬಾರಿಯ ದೊಡ್ಡ ಕ್ಯಾಬಿನ್, ಅದರ ಬಗ್ಗೆ ನನ್ನನ್ನು ಕೇಳಬೇಡಿ, ಬಾಗಿಲು ತೆರೆದಿದ್ದಾಗ ಇಣುಕಿ ನೋಡಿದ್ದೇನೆ ಅಷ್ಟೇ.

ಇನ್ನು ಕ್ಯಾಬಿನ್ ದರದ ಮೇಲೆ ಬೀಳುವ ಹೆಚ್ಚಿನ ಖರ್ಚು. ಕ್ಯಾಬಿನ್‌ನಲ್ಲಿ ಉಳಿಸಿದ್ದೆಲ್ಲ ಸೋರಿಹೋಗುವುದು ಇಲ್ಲೇ.

ಡ್ರಿಂಕ್ಸ್ ಪ್ಯಾಕೇಜ್ ಮೊದಲು, ಅಂದರೆ ದಿನಕ್ಕಿಷ್ಟು ಅಂತ ಕಟ್ಟಿ ಬೇಕಾದ ಪಾನೀಯ ಕುಡಿಯುವ ಏರ್ಪಾಡು. ಇದಕ್ಕೆ ನನ್ನ ಲೆಕ್ಕ ಸುಲಭ. ಒಂದು ದಿನದ ಪ್ಯಾಕೇಜ್ ದರವನ್ನು ನೀವು ನಿಜವಾಗಿ ಕುಡಿಯುವ ಒಂದು ಪಾನೀಯದ ದರದಿಂದ ಭಾಗಿಸಿ. ನಮಗೆ ಬಂದಿದ್ದು ಆರೂವರೆ. ಅಂದರೆ ಪ್ರತಿದಿನ, ಬಂದರಿನಲ್ಲಿ ಇಳಿದು ತಿರುಗುವ ದಿನವೂ ಸೇರಿ, ಒಬ್ಬೊಬ್ಬರು ಏಳು ಲೋಟ ಕುಡಿದರೆ ಮಾತ್ರ ಲಾಭ. ನಮ್ಮವರು ಊಟದ ಜೊತೆ ಒಂದು ಬಿಯರ್ ಕುಡಿಯುತ್ತಾರೆ, ನಾನು ಎರಡು ಕಾಫಿ. ಭಾಗಿಸುವಾಗ ಒಂದು ಎಚ್ಚರ. ಪ್ಯಾಕೇಜ್‌ಗೂ ಬಿಡಿ ಪಾನೀಯಕ್ಕೂ ಶೇಕಡಾ 18ರಿಂದ 20ರಷ್ಟು ಸೇವಾ ಶುಲ್ಕ ಸೇರುವುದು ಸಾಮಾನ್ಯ. ಎರಡಕ್ಕೂ ಸೇರಿಸಿ ನೋಡಿ, ಇಲ್ಲಾ ಎರಡಕ್ಕೂ ಬಿಟ್ಟು ನೋಡಿ. ಇನ್ನೊಂದು ಕೊಕ್ಕೆ ಇದೆ. ಮದ್ಯದ ಪ್ಯಾಕೇಜ್ ಒಬ್ಬರು ತಗೊಂಡರೆ ಅದೇ ಕ್ಯಾಬಿನ್‌ನ ಎಲ್ಲ ದೊಡ್ಡವರೂ ತಗೊಳ್ಳಬೇಕು ಅನ್ನುವ ನಿಯಮ ಬಹಳಷ್ಟು ಹಡಗುಗಳಲ್ಲಿದೆ. ಸಾಮಾನ್ಯವಾಗಿ ಪೂರ್ತಿ ಪ್ರಯಾಣಕ್ಕೇ ತಗೊಳ್ಳಬೇಕು, ಎರಡು ದಿನಕ್ಕೆ ಅಂತ ಕೊಡುವುದಿಲ್ಲ. ಕುಡಿಯುವ ನೀರು, ಸಾದಾ ಕಾಫಿ, ಟೀ ಊಟದ ಹಾಲ್‌ನಲ್ಲಿ ಸಾಮಾನ್ಯವಾಗಿ ದರದಲ್ಲೇ ಸೇರಿರುತ್ತವೆ. ನಮಗೆ ಬಿಡಿಬಿಡಿಯಾಗಿ ಕೊಂಡಿದ್ದೇ ಅಗ್ಗವಾಯಿತು.

ವೈಫೈ ಒಂದೇ ಫೋನ್‌ಗೆ ತಗೊಂಡು ಇಬ್ಬರೂ ಸರದಿಯಲ್ಲಿ ಬಳಸಿದೆವು. ಒಬ್ಬರು ಲಾಗೌಟ್ ಆದಮೇಲೆ ಇನ್ನೊಬ್ಬರು. ಹಡಗು ಹತ್ತುವ ಮೊದಲೇ ಕೊಂಡರೆ ದರ ಸಾಮಾನ್ಯವಾಗಿ ಕಡಿಮೆ. 2022ರಿಂದ ಹಡಗುಗಳಿಗೆ ಸ್ಟಾರ್‌ಲಿಂಕ್ ಅನ್ನುವ ಉಪಗ್ರಹ ಇಂಟರ್ನೆಟ್ ಬರತೊಡಗಿದ ಮೇಲೆ ವೇಗ ಎಷ್ಟೋ ಸುಧಾರಿಸಿದೆ. ಹಡಗು ಹತ್ತಿದ ತಕ್ಷಣ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಮೊಬೈಲ್ ನೆಟ್‌ವರ್ಕ್ ಹಿಡಿದುಕೊಂಡು ಬಿಲ್ ಏರಿಸುತ್ತದೆ. ನಮ್ಮವರಿಗೆ ಆದದ್ದು ಹಾಗೇ, ಎರಡು ನಿಮಿಷದ ಫೋನ್ ಮಾತಿಗೆ ತಿಂಗಳ ರೀಚಾರ್ಜ್‌ಗಿಂತ ಜಾಸ್ತಿ.

ಬಂದರಿನ ಟೂರ್‌ಗಳಲ್ಲಿ ಮಾತ್ರ ನಾನು ಅಗ್ಗ ನೋಡಲು ಹೋಗುವುದಿಲ್ಲ, ಜಾಗ ನೋಡುತ್ತೇನೆ. ಪಟ್ಟಿಯಲ್ಲಿ "ರೋಮ್" ಅಂತ ಬರೆದಿರುತ್ತದೆ, ಹಡಗು ನಿಲ್ಲುವುದು ಸುಮಾರು 80 ಕಿಲೋಮೀಟರ್ ದೂರದ ಚಿವಿತಾವೆಕ್ಕಿಯಾದಲ್ಲಿ. "ಪ್ಯಾರಿಸ್" ಅಂದರೆ ಲ ಹಾವ್ರ್, ಅಲ್ಲಿಂದ ಸುಮಾರು 200 ಕಿಲೋಮೀಟರ್. ಇಂಥ ಕಡೆ ಹಡಗಿನವರದ್ದೇ ಟೂರ್ ತಗೊಳ್ಳುತ್ತೇನೆ. ದಾರಿಯಲ್ಲಿ ಬಸ್ ಸಿಕ್ಕಿಹಾಕಿಕೊಂಡರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಜವಾಬ್ದಾರಿ ಅವರದ್ದು. ನೀವಾಗಿ ಹೋಗಿ ತಡವಾದರೆ ಹಡಗು ಹೋಗುತ್ತದೆ. ಒಂದು ಸಂಜೆ ಮೇಲಿನ ಡೆಕ್‌ನಿಂದ ನೋಡಿದೆ. ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರುಕಟ್ಟೆಯ ಉದ್ದಕ್ಕೂ ಓಡಿಬರುತ್ತಿದ್ದರು. ಆಕೆಯ ಕೈಯಲ್ಲಿ ಚಪ್ಪಲಿ. ಹಗ್ಗ ಬಿಚ್ಚಿಯಾಗಿತ್ತು. ಡೆಕ್ ಮೇಲಿದ್ದವರು ಕೆಲವರು ಚಪ್ಪಾಳೆ ತಟ್ಟಿದರು, ನನಗೆ ಹೊಟ್ಟೆ ತೊಳಸಿತು.

ಊರು ಬಂದರಿಗೆ ಅಂಟಿಕೊಂಡಿದ್ದರೆ ಟೂರ್ ಬೇಡ, ನಡೆದುಕೊಂಡು ಹೋಗಿ. ಸಣ್ಣ ದೋಣಿಯಲ್ಲಿ ಇಳಿಸುವ ಬಂದರಾದರೆ ಮತ್ತೆ ಯೋಚಿಸಿ. ಗ್ರೀಸಿನ ಸಾಂಟೊರಿನಿ ದ್ವೀಪದಲ್ಲಿ ಊರಿರುವುದು ಬೆಟ್ಟದ ಮೇಲೆ, ಸ್ವಂತವಾಗಿ ಇಳಿದವರು ಹಳೆ ಬಂದರಿನಲ್ಲಿ ಕೇಬಲ್ ಕಾರ್‌ಗೆ ಸಾಲು ನಿಲ್ಲಬೇಕು, ಇಲ್ಲಾ ಸುಮಾರು 600 ಮೆಟ್ಟಿಲು ಹತ್ತಬೇಕು. ಟೂರ್‌ನವರನ್ನು ಮೊದಲು ಇಳಿಸುತ್ತಾರೆ. ಮಂಡಿ ನೋವಿನ ಅತ್ತೆ ಜೊತೆಗಿದ್ದಾಗ ಈ ಲೆಕ್ಕ ಬೇರೆಯೇ.

ಸ್ಪಾ ಬೇಕಾದವರು ಹಡಗು ಬಂದರಿನಲ್ಲಿರುವ ದಿನ ವಿಚಾರಿಸಿ, ರಿಯಾಯಿತಿ ಕೊಡುತ್ತಾರೆ. ಫೋಟೊ ಪ್ಯಾಕೇಜ್ ಬೇಡ. ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟ್‌ಗೆ ಒಂದು ಸಲ ಹೋದೆವು, ಊಟ ಚೆನ್ನಾಗಿತ್ತು, ಮತ್ತೆ ಹೋಗಲಿಲ್ಲ. ಬಹಳಷ್ಟು ಹಡಗುಗಳಲ್ಲಿ ದಿನದ ಟಿಪ್ಸ್ ತಾನಾಗಿಯೇ ಬಿಲ್‌ಗೆ ಸೇರುತ್ತದೆ, ಅದನ್ನು ಮೊದಲೇ ಬಜೆಟ್‌ಗೆ ಹಾಕಿಕೊಳ್ಳಿ. ಅದನ್ನು ತೆಗೆಸಲು ಕೌಂಟರ್ ಮುಂದೆ ಸಾಲು ನಿಲ್ಲುವವರನ್ನು ಕಂಡರೆ ನನಗೆ ಆಗದು. ನಿಮ್ಮ ಹಾಸಿಗೆ ಸರಿಮಾಡಿದವರ ದುಡ್ಡು ಅದು.

ವಿಮೆಯನ್ನು ಮೊದಲ ಎರಡು ಸಲ ನಾವು ಮಾಡಿಸಿರಲಿಲ್ಲ. ಅತ್ತೆ ಬರುತ್ತಾರೆ ಅಂತ ಮೂರನೇ ಸಲ ಮಾಡಿಸಿದೆ. ಐದನೇ ದಿನ ಅವರಿಗೆ ಜ್ವರ, ವಾಂತಿ. ಹಡಗಿನ ಡಾಕ್ಟರ್ ಚೆನ್ನಾಗಿ ನೋಡಿದರು. ಒಂದು ಬಾಟಲಿ ಡ್ರಿಪ್, ರಕ್ತ ಪರೀಕ್ಷೆ, ಮಾತ್ರೆ. ಬಿಲ್ ಅವರ ಕ್ಯಾಬಿನ್ ದರದ ಅರ್ಧಕ್ಕೆ ಬಂತು. ವಿಮೆಯಿಂದ ಬಹುಪಾಲು ವಾಪಸ್ ಸಿಕ್ಕಿತು. ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚೂ ವಿಮೆಯಲ್ಲಿ ಸೇರಿದೆಯಾ ಅಂತ ಓದಿ ನೋಡಿ.

ಆರನೆಯದಕ್ಕೆ ಈಗ ನಕ್ಷೆಗಳು ಕಿಟಕಿಗೆ ಅಂಟಿಕೊಂಡಿವೆ. ಹತ್ತು ರಾತ್ರಿ, ಆರು ದಿನ ಬರೀ ಸಮುದ್ರ. "ಈ ಸಲ ನಂಗೂ ಬಾಲ್ಕನಿ ಬೇಕು ಕಣೇ, ನೀನು ಆ ನಾರ್ವೆ ಫೋಟೊ ತೋರಿಸಿ ತೋರಿಸಿ ಆಸೆ ಹುಟ್ಟಿಸಿದ್ದೀಯ" ಅಂತ ಅತ್ತೆ ಪಟ್ಟು ಹಿಡಿದಿದ್ದಾರೆ. ನಟ್ಟನಡುವೆ, ಬಾಲ್ಕನಿ ಇರುವ ಡೆಕ್‌ಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲಿ, ಮೇಲೂ ಕೆಳಗೂ ಕ್ಯಾಬಿನ್ ಇರುವ ಒಂದು ಸಿಕ್ಕಿದೆ. ನಾಳೆ ಬೆಳಿಗ್ಗೆ ದುಡ್ಡು ಕಟ್ಟಬೇಕು.